ವಾಡೆಯ ಅಂಗಳದಲ್ಲಿ ಹನ್ನಾಳ ಶಾಲೆ

“ಅಶಕ್ಯ,” ಅಂದರು ಮೋಠ್ಯಾ ಬಾಯಿ. ಈ ಶಬ್ದ ಮರಾಠಿಯಲ್ಲೂ ಅದೇ, ಕನ್ನಡದಲ್ಲೂ ಅದೇ. ಪುಣೆಗೆ ಬಂದು ಎರಡು ತಿಂಗಳಾಗಿದ್ದ ನನಗೆ ಯಾರೂ ಅರ್ಥ ಬಿಡಿಸಿ ಹೇಳಬೇಕಾಗಲಿಲ್ಲ.

ಇಲ್ಲಿ ಹೆಣ್ಣುಮಕ್ಕಳಿಗೆ ಮರ್ಯಾದೆಯಿಂದ ಬಾಯಿ ಅನ್ನುತ್ತಾರೆ. ಮುಖ್ಯಾಧ್ಯಾಪಕಿಯಾದರೆ ಮೋಠ್ಯಾ ಬಾಯಿ, ಅಂದರೆ ದೊಡ್ಡ ಬಾಯಿ. ಕ್ಯಾಂಪಿನ, ಅಂದರೆ ದಂಡು ಇರುವ ಭಾಗದ, ಒಂದು ಮಿಶನ್ ಶಾಲೆಯ ಮೋಠ್ಯಾ ಬಾಯಿ ಇವರು. ನಮ್ಮಂತೆಯೇ ಕ್ರೈಸ್ತರು, ನಮ್ಮಂತೆಯೇ ಸೀರೆ, ಆದರೆ ಮಾತು ಮಾತ್ರ ಕತ್ತರಿ. ನನ್ನ ಮಗಳು ಹನ್ನಾಗೆ ಆಗ ಏಳು ವರ್ಷ. ಊರಲ್ಲಿ ಎರಡನೆಯ ಇಯತ್ತೆಗೆ, ಅಂದರೆ ಎರಡನೆಯ ತರಗತಿಗೆ, ಹೋಗಬೇಕಾದ ಹುಡುಗಿಯನ್ನು ಶಿಶುವರ್ಗದಲ್ಲಿ, ಮೂಗು ಒರೆಸಿಕೊಳ್ಳಲು ಬಾರದ ಕೂಸುಗಳ ನಡುವೆ ಕೂರಿಸುತ್ತೇವೆ ಅಂದರು. ಮೇಲಾಗಿ ಮನೆಯಲ್ಲಿ ಕಾನಡಿ ಮಾತು ಬಿಡಬೇಕಂತೆ. ಕನ್ನಡಕ್ಕೆ ಇಲ್ಲಿಯವರು ಕಾನಡಿ ಅನ್ನುತ್ತಾರೆ, ಏನೋ ಕಾಯಿಲೆಯ ಹೆಸರಿನ ಹಾಗೆ.

“ಬೇಡ. ನಾನು ಮನೆಯಲ್ಲೇ ಕಲಿಸುತ್ತೇನೆ. ವರ್ಷದ ಪರೀಕ್ಷೆಗೆ ಹೊರಗಿನವಳಾಗಿ ಕೂರಿಸಿ ಮೂರನೆಯ ಇಯತ್ತೆ ಪಾಸು ಮಾಡಿಸುತ್ತೇನೆ,” ಅಂದೆ, ಇಂಗ್ಲಿಷಿನಲ್ಲಿ.

“ಏನಿಟ್ಟುಕೊಂಡು ಕಲಿಸುತ್ತೀರಿ?”

“ಬೈಬಲ್, ನಮ್ಮ ಕನ್ನಡ ವೇದಪುಸ್ತಕ. ಸ್ಲೇಟು. ನಾನು ಬಿ.ಎ. ಆಗಿದ್ದೇನೆ.”

“ಇರಬಹುದು. ಮನೆಯಲ್ಲಿ ತಾಯಿ, ಕಾನಡಿ ವೇದಪುಸ್ತಕ. ಅಶಕ್ಯ,” ಅಂದು ಗಂಟೆ ಬಾರಿಸಿದರು. ನಾವು ಹೊರಗೆ ಬಂದೆವು.

ಆ “ಇರಬಹುದು” ನನ್ನ ಎದೆಯಲ್ಲಿ ಮುಳ್ಳಿನಂತೆ ಮುರಿದುಕೊಂಡಿತು. ಬೆಟಗೇರಿಯಲ್ಲಿ ಮಗ್ಗದ ಕೋಣೆಯಲ್ಲಿ ನೂಲು ಸುತ್ತುತ್ತಿದ್ದ ತಾಯಿಯ ಮಗಳು ನಾನು. ನಮ್ಮ ಇಡೀ ಸಂಬಂಧಿಕರಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲ ಜೀವ. ಧಾರವಾಡದಲ್ಲಿ ಓದುವಾಗ ಒಂದೇ ಸೀರೆಯನ್ನು ತೊಳೆದು, ಒಣಗುವ ತನಕ ಚಾದರ ಸುತ್ತಿಕೊಂಡು ತರ್ಕಶಾಸ್ತ್ರ ಬಾಯಿಪಾಠ ಮಾಡಿದ್ದೇನೆ. ಅದಕ್ಕೆ ಒಂದು ಗಂಟೆ ಬಾರಿಸಿ “ಇರಬಹುದು” ಅನ್ನುವುದೇ?

ನೀವು ಕೇಳಬಹುದು, ಪೇಟೆಯಲ್ಲಿ ಬೇರೆ ಶಾಲೆ ಇರಲಿಲ್ಲವೇ ಎಂದು. ಇತ್ತು. ಮೊದಲು ಅಲ್ಲಿಗೇ ಹಾಕಿದ್ದೆ. ಮೊದಲ ದಿನವೇ ಅಲ್ಲಿಯ ಮಾಸ್ತರರು ಕೇಳಿದರು: “ಕಿರಿಸ್ತಾನರು, ಸರಿ. ಅದಕ್ಕಿಂತ ಮುಂಚೆ ಯಾರು?” ನಾನು ಹೇಳಲಿಲ್ಲ. ಹೇಳದಿದ್ದರೂ ಅವರಿಗೆ ತಿಳಿದಂತಾಯಿತು. ಎಂಟು ದಿನ ನನ್ನ ಮಗಳು ವರಾಂಡದಲ್ಲಿ ಕೂತಳು. ನೀರು ಬೇಕಾದರೆ ಎರಡೂ ಕೈ ಜೋಡಿಸಿ ಹಿಡಿಯಬೇಕು, ಜವಾನ ಮೇಲಿಂದ ಸುರಿಯಬೇಕು. ಒಂಬತ್ತನೆಯ ದಿನ ಹನ್ನಾ ಬೆಳಿಗ್ಗೆ ರೊಟ್ಟಿ ಚಟ್ನಿ ಮುಟ್ಟಲಿಲ್ಲ. ಯಾಕೆ ಅಂದರೆ, “ಶಾಲ್ಯಾಗ ನೀರಡಿಕಿ ಆಗಬಾರದಲ್ಲವ್ವ,” ಅಂದಳು. ಅಂದೇ ಬಿಡಿಸಿದೆ.

ಮನೆ ಹಿಡಿಯುವಾಗಲೂ ಇದೇ ಹಾಡು. ಪೇಟೆಗಳಲ್ಲಿ ಹೆಸರು ಕೇಳಿದ ಕೂಡಲೇ ಬಾಗಿಲು ಮುಚ್ಚುತ್ತಿದ್ದರು, ಕ್ಯಾಂಪಿನಲ್ಲಿ ಉಡುಗೆ ನೋಡಿದ ಕೂಡಲೇ. ನಮ್ಮ ಮನೆಯವರು ಕ್ಯಾಂಪಿನ ಆಸ್ಪತ್ರೆಯಲ್ಲಿ ಕಂಪೌಂಡರು. ಅವರು ಕೊಟ್ಟ ಔಷಧಿಯಿಂದ ಜ್ವರ ಇಳಿಸಿಕೊಂಡವರೇ ಮನೆ ಇಲ್ಲ ಅಂದರು. ಕಡೆಗೆ ನಾನಾ ಪೇಠೆಯ ಒಂದು ವಾಡೆಯಲ್ಲಿ ಹಿಂದಿನ ಎರಡು ಖೋಲಿ, ಅಂದರೆ ಕೋಣೆ, ಸಿಕ್ಕವು. ವಾಡೆ ಎಂದರೆ ನಡುವೆ ಅಂಗಳ, ಸುತ್ತ ಮರದ ಕಂಬ, ಹತ್ತು ಸಂಸಾರ, ಒಂದು ನಲ್ಲಿ. ಉಳಿದವರೆಲ್ಲ ತುಂಬಿಕೊಂಡ ಮೇಲೆ ನಾವು ಆ ನಲ್ಲಿಗೆ ಹೋಗುತ್ತಿದ್ದೆವು.

ಅತ್ತೆ ಸಾರವ್ವ ನಮ್ಮ ಜೊತೆಗೇ ಬಂದಿದ್ದರು. ಓದು ಬಾರದು, ಆದರೆ ವೇದದ ಕಥೆ ಒಂದೂ ತಪ್ಪುವುದಿಲ್ಲ. ಅವರಿಗೆ ಪುಣೆಯ ಮೇಲೆ ಇದ್ದ ದೊಡ್ಡ ದೂರು ಆಮಟಿ. ಇಲ್ಲಿಯವರ ಬೇಳೆಸಾರು ಅದು, ಬೆಲ್ಲ ಹಾಕುತ್ತಾರೆ. “ಸಾರಿನ್ಯಾಗ ಬೆಲ್ಲ ಹಾಕೋ ಮಂದಿ ಬಾಯಾಗ ಒಂದೀಟು ಹಾಕ್ಕೊಂಡಿದ್ರ ಏನ ಹೋಗತಿತ್ತು?” ಅನ್ನುತ್ತಿದ್ದರು. ಭಾನುವಾರ ಚರ್ಚಿನಲ್ಲಿ ಕೀರ್ತನೆ ಶುರುವಾದರೆ ಧಾಟಿ ನಮ್ಮದೇ, ಮಾತು ಅವರದು. ನಾನು ಬಾಯಿ ಮುಚ್ಚಿ ನಿಲ್ಲುತ್ತಿದ್ದೆ. ಅತ್ತೆ ಮಾತ್ರ ಹಿಂದಿನ ಬೆಂಚಿನಿಂದ ಗಟ್ಟಿಯಾಗಿ ಕನ್ನಡದಲ್ಲೇ ಹಾಡುತ್ತಿದ್ದರು, ಇಡೀ ಸಭೆ ತಿರುಗಿ ನೋಡುವಂತೆ.

ಹೀಗೆ ಮನೆಯಲ್ಲಿ ಶಾಲೆ ಶುರುವಾಯಿತು. ಮನೆಯವರು ಸೈಕಲ್ ಹತ್ತಿ ಹೋದ ಮೇಲೆ ಪ್ರಾರ್ಥನೆ, ಒಂದು ವಚನ ಬಾಯಿಪಾಠ, ಅದನ್ನೇ ಸ್ಲೇಟಿನ ಮೇಲೆ ನಕಲು. ಅದರಲ್ಲೇ ಒತ್ತಕ್ಷರ. ರೊಟ್ಟಿ ಮೀನು ಹಂಚಿದ ಕಥೆಯಲ್ಲಿ ಭಾಗಾಕಾರ. ಅತ್ತೆ ಕಥೆ ಹೇಳುವುದು, ನಾನು ಲೆಕ್ಕ ತೆಗೆಯುವುದು. ನೋಹನ ನಾವೆಯ ಪಾಠಕ್ಕೆ ಸೀಮೆಸುಣ್ಣ ಹಿಡಿದು ಅಂಗಳಕ್ಕೇ ಇಳಿದೆವು. ಅತ್ತೆಯ ಮೊಳಕೈಯಿಂದ ಅಳೆದರೆ ಅಂಗಳ ಮೂವತ್ತು ಮೊಳ; ನಾವೆ ಮುನ್ನೂರು. ಹಾಗಾದರೆ ಎಷ್ಟು ಅಂಗಳ?

“ಹತ್ತು ವಾಡೆ ಬೇಕವ್ವ!” ಅಂತ ಹನ್ನಾ ಕುಣಿದಳು.

ಅಷ್ಟರಲ್ಲಿ ಎದುರು ಖೋಲಿಯ ಗೋದೂಬಾಯಿ ಹೊರಗೆ ಬಂದರು. ಅರವತ್ತು ದಾಟಿದ ವಿಧವೆ, ಇಡೀ ವಾಡೆಗೆ ಪೊಲೀಸು. ಸುಣ್ಣದ ಗೆರೆ ನೋಡಿ ಎದೆಯ ಮೇಲೆ ಕೈಯಿಟ್ಟುಕೊಂಡರು.

“ಇಲ್ಲಿ ಚರ್ಚು ಕಟ್ಟುತ್ತೀರೇನು?”

“ಇಲ್ಲ ಆಜಿ, ಹಡಗು,” ಅಂದಳು ಹನ್ನಾ, ಕೈ ಮಾಡಿ ತೋರಿಸಿ, ತನಗೆ ಗೊತ್ತಿದ್ದ ನಾಲ್ಕು ಮರಾಠಿ ಮಾತಿನಲ್ಲಿ.

“ಪುಣೆಯಲ್ಲಿ ಹಡಗು! ಮಳೆ ಬರಲಿ ಮೊದಲು,” ಅಂದು ಒಂದು ತಂಬಿಗೆ ನೀರು ಸುರಿದು ನಾವೆಯನ್ನು ಅಳಿಸಿಯೇಬಿಟ್ಟರು. ನನಗೆ ಮೈಯೆಲ್ಲಾ ಉರಿಯಿತು. ಹನ್ನಾಗೆ ನಗು. “ಪ್ರಳಯ ಬಂತವ್ವ!”

ವರ್ಷ ಮುಗಿಯಿತು. ಪರೀಕ್ಷೆಗೆ ಹೊರಡುವಾಗ ನನಗೆ ಎಳ್ಳಷ್ಟೂ ಅನುಮಾನ ಇರಲಿಲ್ಲ. ಬರವಣಿಗೆಗೆ ಬೇಕಾದಷ್ಟು ಪುಸ್ತಕದ ಮರಾಠಿಯನ್ನು ನಾನೇ ಕಲಿತು ಕಲಿಸಿದ್ದೆ. ಮಗ್ಗಿ ಇಪ್ಪತ್ತರ ತನಕ ಬರುತ್ತಿತ್ತು. ಬಾಯಿಮಾತಿನ ಪರೀಕ್ಷೆಗೆ ತಾಯಂದಿರು ಹಿಂದೆ ನಿಲ್ಲಬಹುದಿತ್ತು.

ಮೋಠ್ಯಾ ಬಾಯಿ ಸುಲಭದ್ದನ್ನೇ ಕೇಳಿದರು. “ನಮ್ಮ ಊರಿನ ನದಿ ಯಾವುದು?”

ಹನ್ನಾ ಎದೆ ಉಬ್ಬಿಸಿ, “ಯೊರ್ದಾನ್,” ಅಂದಳು. ಯೇಸು ಸ್ನಾನದೀಕ್ಷೆ ಪಡೆದ ನದಿ ಅದು.

ಇಡೀ ವರ್ಗ ನಕ್ಕಿತು. ಕಿರಾಣಿ ಅಂಗಡಿಯಲ್ಲಿ ಅಕ್ಕಿ ಯಾವುದರಿಂದ ಅಳೆಯುತ್ತಾರೆ ಅಂದರೆ ಏಫ ಅಂದಳು. ಅದು ವೇದಪುಸ್ತಕದಲ್ಲಿ ಬರುವ ಧಾನ್ಯದ ಅಳತೆ. ಶಾಲೆಯ ಉದ್ದ ಅಂದಾಜು ಹೇಳು ಅಂದರೆ ಗಜದಲ್ಲಿ ಹೇಳದೆ, ಅಜ್ಜಿಯ ಮೊಳಕೈ ಇಲ್ಲ, ಹೇಗೆ ಹೇಳಲಿ ಅಂದಳು. ಮಕ್ಕಳು ಬೆಂಚು ಬಡಿದು ನಕ್ಕರು. ಮೋಠ್ಯಾ ಬಾಯಿ ಮಾತ್ರ ನಗಲಿಲ್ಲ. ನನ್ನ ಕಡೆ ನೋಡಿ, “ನಾನು ಹೇಳಿದ್ದೆನಲ್ಲ,” ಅಂದರು. ನಕ್ಕಿದ್ದರೆ ಚೆನ್ನಾಗಿತ್ತು.

ಮನೆಗೆ ಬಂದು ಪಾತ್ರೆಗಳನ್ನು ಕುಕ್ಕಿದೆ. ಹನ್ನಾಳನ್ನೂ ಬೈದೆ. “ಊರಾಗ ಹರಿಯೋ ನದಿ ಗೊತ್ತಿಲ್ಲೇನ ನಿನಗ?”

“ಅಕಿಗೆ ಯಾರರ ತೋರಿಸ್ಯಾರೇನವ್ವ?” ಅಂದರು ಅತ್ತೆ, ಅಕ್ಕಿ ಆರಿಸುವುದನ್ನು ನಿಲ್ಲಿಸದೆ. “ಒಂದ ವರ್ಷ ಆತು. ನೀ ತೋರಿಸಿದಿ?”

ಪುಣೆಯ ಮೇಲಿನ ಸಿಟ್ಟಿಗೆ ನಾನು ಮಗಳನ್ನು ಎರಡು ಖೋಲಿ, ಒಂದು ಅಂಗಳದಲ್ಲಿ ಇಟ್ಟಿದ್ದೆ. ಪೇಟೆಯ ಶಾಲೆಯವರು ನೀರಿನ ಮಡಕೆ ಮುಟ್ಟಗೊಡಲಿಲ್ಲ ಅಂತ ನಾನು ನದಿಯನ್ನೇ ಮುಚ್ಚಿಟ್ಟಿದ್ದೆ. ಅದಕ್ಕಿಂತ ದೊಡ್ಡ ನಾಚಿಕೆ ಇನ್ನೊಂದು: ಕಾಲೇಜಿನಲ್ಲಿ ನಾನು ಓದಿದ್ದೂ ಹೀಗೆಯೇ. ಇಂಗ್ಲೆಂಡಿನ ನದಿಗಳನ್ನು ಮೂಲದಿಂದ ಮುಖದ ತನಕ ಬರೆದು ಅಂಕ ಪಡೆದವಳಿಗೆ ಮಲಪ್ರಭೆ ಎಲ್ಲಿ ಹುಟ್ಟುತ್ತದೆ ಅಂತ ಯಾರೂ ಕೇಳಿರಲಿಲ್ಲ. ಆ ಸುಡುಗಾಡು ಪದ್ಧತಿಯ ಮೇಲೆ ಎಷ್ಟು ಭಾಷಣ ಬಿಗಿದಿದ್ದೆ! ಅದನ್ನೇ, ದೇವರ ಹೆಸರು ಹೇಳಿ, ಹೆತ್ತ ಮಗಳ ಮೇಲೆ ಮಾಡಿದ್ದೆ.

ಮರುದಿನ ಹನ್ನಾಳನ್ನು ಕರೆದುಕೊಂಡು ಲಕಡಿ ಪೂಲಿಗೆ ನಡೆದೆ, ಊರಿನ ಹಳೆಯ ಸೇತುವೆಗೆ. ಕೆಳಗೆ ಮುಠಾ ನದಿ, ಬಂಡೆಗಳ ಮೇಲೆ ಬಟ್ಟೆ ಬಡಿಯುವ ಹೆಂಗಸರು. ಹನ್ನಾ ಮೆಟ್ಟಿಲಿಳಿದು ನೀರಿಗೆ ಕೈ ಹಾಕಿದಳು, ಬೊಗಸೆ ತುಂಬ ಎತ್ತಿದಳು. ಯಾರೂ ಬೇಡ ಅನ್ನಲಿಲ್ಲ. “ಯೊರ್ದಾನ್ ಇಷ್ಟ ದೊಡ್ಡದಿತ್ತೇನವ್ವ?” ಅಂದಳು. ನನಗೆ ಗೊತ್ತಿಲ್ಲ ಅಂತ ಮೊದಲ ಸಲ ಒಪ್ಪಿಕೊಂಡೆ.

ಆಮೇಲೆ ಪಾಠ ಊರಿನ ತುಂಬ ನಡೆಯಿತು. ಮಂಡಯಿಯಲ್ಲಿ, ಅಂದರೆ ದೊಡ್ಡ ಕಾಯಿಪಲ್ಲೆ ಮಾರುಕಟ್ಟೆಯಲ್ಲಿ, ಸೇರು ಪಾವಸೇರು. ಪರ್ವತಿ ಗುಡ್ಡದ ಬುಡದಲ್ಲಿ ದಿಕ್ಕುಗಳು. ವೇದದ ಪಾಠ ಬಿಡಲಿಲ್ಲ. ಬಿಡುವುದಾದರೆ ನನಗೆ ಈ ಶಾಲೆಯೇ ಬೇಡವಾಗಿತ್ತು. ಆದರೆ ಕಥೆಯನ್ನು ಮನೆಯಲ್ಲಿ ಕನ್ನಡದಲ್ಲಿ ಕೇಳಿ, ಹೊರಗೆ ಯಾರಿಗಾದರೂ ಮರಾಠಿಯಲ್ಲಿ ಹೇಳಿ ಬರಬೇಕು ಅಂತ ಮಾಡಿದೆ. ಯಾರಿಗೆ ಹೇಳುವುದು? ಹನ್ನಾ ನೇರ ಗೋದೂಬಾಯಿಯ ಕಟ್ಟೆಗೆ ಹೋಗಿ ಕೂತಳು.

ಗೋದೂಬಾಯಿ ಮೊದಲು ಸೀರೆ ಸರಿಸಿ ಒಂದು ಮೊಳ ದೂರ ಕೂತರು. ಕಳೆದುಹೋದ ಕುರಿಯ ಕಥೆ ಅರ್ಧಕ್ಕೆ ಬಂದಾಗ ಹನ್ನಾಗೆ ಶಬ್ದ ಸಿಗದೆ ನಿಂತಿತು. ಮುದುಕಿ ಕಾದರು, ಕಾದರು, ಕಡೆಗೆ ತಡೆಯಲಾರದೆ, “ಮಗ? ಮೇಂಢೀ ಸಾಪಡಲೀ ಕಾ?” ಅಂತ ಜೋರು ಮಾಡಿದರು. ಆಮೇಲೇನಾಯ್ತು, ಕುರಿ ಸಿಕ್ಕಿತಾ ಅಂತ! ಅಂದಿನಿಂದ ಹನ್ನಾಳ ಮರಾಠಿಗೆ ಅವರೇ ಪಂತೋಜಿ. ತಪ್ಪಿದರೆ ಬೈಯುವುದು, ಸರಿ ಹೇಳಿಸುವುದು. ನಾಲ್ಕು ತಿಂಗಳಲ್ಲಿ ಹುಡುಗಿಯ ಮಾತು ಕೇಳಿದರೆ ನನಗೇ ಪರಕೀಯ ಅನಿಸುತ್ತಿತ್ತು. ಖರೆ ಹೇಳುತ್ತೇನೆ, ಸಂತೋಷವೂ ಆಯಿತು, ಕಸಿವಿಸಿಯೂ ಆಯಿತು. ಹಾಗಂತ ಗೋದೂಬಾಯಿ ನಮ್ಮ ಮನೆಯ ನೀರು ಕುಡಿದರು ಅಂತ ತಿಳಿಯಬೇಡಿ. ಕುಡಿಯಲಿಲ್ಲ. ಇದನ್ನು ನಾನು ಕ್ಷಮಿಸಿಲ್ಲ.

ಎರಡನೆಯ ವರ್ಷದ ಪರೀಕ್ಷೆಗೆ ಚರ್ಚಿನ ಪಾಳಕರೂ ಬಂದು ಕೂತಿದ್ದರು. ನಮ್ಮ ಕಡೆ ಅಯ್ಯನವರು ಅನ್ನುವವರನ್ನು ಇಲ್ಲಿ ಪಾಳಕ ಅನ್ನುತ್ತಾರೆ. ಮೋಠ್ಯಾ ಬಾಯಿ ನದಿ ಕೇಳಿದರು, ಹನ್ನಾ ಹೇಳಿದಳು. ಸಂಗಮ ಎಲ್ಲಿ ಅಂದರೆ ಮುಳಾ ಎಲ್ಲಿಂದ ಬರುತ್ತದೆ, ಮುಠಾ ಎಲ್ಲಿಂದ ಎಂದು ಕೈಯಾಡಿಸಿ ತೋರಿಸಿದಳು. ಲೆಕ್ಕ ತಪ್ಪಲಿಲ್ಲ. ಮೋಠ್ಯಾ ಬಾಯಿಯ ಮುಖ ಬಿಗಿಯುತ್ತಾ ಹೋಯಿತು.

“ಈಗ ಪ್ರಾರ್ಥನೆ ಹೇಳು.”

ಹನ್ನಾ ಕಣ್ಣು ಮುಚ್ಚಿ ಕನ್ನಡದಲ್ಲಿ ಶುರು ಮಾಡಿದಳು.

“ನಿಲ್ಲಿಸು. ಇದು ಶಾಲೆ. ಮರಾಠಿಯಲ್ಲಿ ಹೇಳು, ಕಾನಡಿ ಇಲ್ಲಿ ಯಾರಿಗೂ ತಿಳಿಯುವುದಿಲ್ಲ.”

ಹುಡುಗಿ ಕಣ್ಣು ತೆರೆದು, ಗೋದೂಬಾಯಿಯದೇ ಗತ್ತಿನಲ್ಲಿ, “ತ್ಯಾಲಾ ಸಮಜತಂ,” ಅಂದಳು. ಆತನಿಗೆ ತಿಳಿಯುತ್ತದೆ.

ಉದ್ಧಟತನ ಅಂತ ಹೊರಗೆ ಹಾಕಿದರೆ ಎರಡು ವರ್ಷ ನೀರಿಗೆ ಹೋದಂತೆ. ಮೋಠ್ಯಾ ಬಾಯಿ ಪಾಳಕರ ಕಡೆ ತಿರುಗಿದರು. ಅವರು ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾ, “ಮುಗಿಸಲಿ ಬಾಯಿ. ನಡುವೆ ನಿಲ್ಲಿಸುವ ಅಧಿಕಾರ ನನಗೂ ಇಲ್ಲ,” ಅಂದರು. ಹನ್ನಾ ಆಮೆನ್ ತನಕ ಹೇಳಿ ಕೂತಳು.

ಹದಿನೈದು ದಿನದ ಮೇಲೆ ಮೂರನೆಯ ಇಯತ್ತೆಯ ಸರ್ಟಿಫಿಕೇಟು ಕೊಡುತ್ತೇವೆ ಬನ್ನಿ ಅಂತ ಚೀಟಿ ಬಂತು. ಮೋಠ್ಯಾ ಬಾಯಿ ಎದ್ದು ನಿಂತು ಕಾಗದವನ್ನು ನನ್ನ ಕೈಗಿಟ್ಟರು. “ಅಶಕ್ಯ”ದ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. “ಸೋಮವಾರದಿಂದ ಕಳಿಸಿ. ಕುಡಿಯುವ ನೀರಿನ ಮಡಕೆ ವರ್ಗದ ಒಳಗೇ ಇದೆ, ಎಲ್ಲರಿಗೂ ಒಂದೇ,” ಅಂದರು. ನಾನು ಕೇಳಿರಲಿಲ್ಲ. ಆ ಹೆಂಗಸಿನ ಮೇಲೆ ಪೂರ್ತಿ ಸಿಟ್ಟಾಗಿರುವ ಸುಖವನ್ನೂ ನನಗೆ ಉಳಿಸಲಿಲ್ಲ.

ಮನೆಯಲ್ಲಿ ಅತ್ತೆ ಸೆರಗಿನಿಂದ ಕೈ ಒರೆಸಿಕೊಂಡು ಕಾಗದ ಹಿಡಿದರು. “ಓದಿ ಹೇಳವ್ವ. ಏನೇನ ಬರದಾರ?”

ಓದಿದೆ. ಹೆಸರು, ತಂದೆಯ ಹೆಸರು, ಅಂಕ. ಆಮೇಲೆ ನಾಲಿಗೆ ತಡವರಿಸಿತು. ಮಾತೃಭಾಷೆ: ಮರಾಠಿ. ಊರು: ಪುಣೆ. ಯಾವ ಕಾರಕೂನನೋ ನಮ್ಮನ್ನು ಕೇಳದೆ ತುಂಬಿಬಿಟ್ಟಿದ್ದ.

ನಾನು ಮಸಿದೌತಿ, ಬರೆಯುವ ಟಾಕು ಎಳೆದುಕೊಂಡೆ. “ಈಗಿಂದೀಗ ತಿದ್ದತೀನಿ. ಇವರ ಸೊಕ್ಕು ಮುರೀತೀನಿ. ಬೆಟಗೇರಿ ಅಂತ ಬರೀತೀನಿ, ಕನ್ನಡ ಅಂತ ಬರೀತೀನಿ.”

ಅತ್ತೆ ಕಾಗದವನ್ನು ಬೆನ್ನ ಹಿಂದೆ ಹಿಡಿದರು. ಹೊರಗೆ ಕಟ್ಟೆಯ ಮೇಲೆ ಹನ್ನಾ ಗೋದೂಬಾಯಿಗೆ ಮರಾಠಿಯಲ್ಲಿ ಎಲ್ಲಾ ವರದಿ ಒಪ್ಪಿಸುತ್ತಿರುವುದು ಕೇಳಿಸುತ್ತಿತ್ತು.

“ಮಾತಿಂದು ಬೇಕಾದ್ರ ತಿದ್ದವ್ವ, ಅದು ಸುಳ್ಳ ಅದ,” ಅಂದರು. “ಊರಿಂದು ಬಿಡು. ಅಕಿಗೊಂದು ಊರರ ಬರಕೊಟ್ಟಾರ. ನಂದು ನಿಂದು ಯಾರ ಬರಕೊಡತಾರ?”