ಅವ್ವನಿಗೆ ಅಡ್ಡಹೆಸರಿಲ್ಲ

ನನ್ನ ಗಂಡನಿಗೆ ಪ್ಯಾರಿಸ್‌ನಲ್ಲಿ ಆಫೀಸಿನ ಕೆಲಸವಿತ್ತು. ಹೋಗುವುದೇ ಆದರೆ ತಮ್ಮ ಅಪ್ಪ ಅಮ್ಮನನ್ನೂ ಕರೆದುಕೊಂಡು ಹೋಗುತ್ತೇನೆ, ಕೆಲಸ ಮುಗಿದ ಮೇಲೆ ಇಟಲಿ ತೋರಿಸಿಕೊಂಡು ಬರುತ್ತೇನೆ ಎಂದರು. ಧಾರವಾಡದಿಂದ ಬಂದಿದ್ದ ನನ್ನ ಅವ್ವನೂ ಆಗ ಮಲೇಷ್ಯಾದ ಸುಬಾಂಗ್ ಜಯಾದ ನಮ್ಮ ಮನೆಯಲ್ಲೇ ಇದ್ದಳು. "ಅವರೂ ಬರಲಿ, ಒಬ್ಬರೇ ಇಲ್ಲೇನು ಮಾಡ್ತಾರೆ" ಎಂದು ನನ್ನ ಗಂಡನೇ ಹೇಳಿದಾಗ ನನಗೆ ನಿಜಕ್ಕೂ ಖುಷಿಯಾಯಿತು. ಮಗಳ ಪರೀಕ್ಷೆ ಇದ್ದುದರಿಂದ ನಾನು ಉಳಿಯುವುದೆಂದಾಯಿತು. ವೀಸಾ, ವಿಮಾನ ಅವರು ನೋಡಿಕೊಂಡರು. ಪ್ಯಾರಿಸ್‌ನಿಂದ ಮಿಲಾನ್‌ಗೆ ನಾಲ್ವರ ರೈಲು ಟಿಕೆಟ್ ನನ್ನ ಪಾಲಿಗೆ ಬಂತು.

ಶನಿವಾರ ಮಧ್ಯಾಹ್ನ ಲ್ಯಾಪ್‌ಟಾಪ್ ತೆರೆದು ಊಟದ ಮೇಜಿನ ಮುಂದೆ ಕುಳಿತೆ. ಮಾಮಕ್ ಹೋಟೆಲಿನಿಂದ ತಪಾವ್ ಮಾಡಿಸಿ, ಅಂದರೆ ಕಟ್ಟಿಸಿಕೊಂಡು, ತಂದ ಪರೋಟದಂಥ ರೊಟ್ಟಿ ಚನಾಯ್ ಪೊಟ್ಟಣದಲ್ಲೇ ಆರುತ್ತಿತ್ತು. ಅತ್ತೆ, ಮಾವ, ಅವ್ವ ಎಲ್ಲರೂ ಸುತ್ತ ಕುರ್ಚಿ ಎಳೆದುಕೊಂಡಿದ್ದರು. ಎದುರುಬದುರು ನಾಲ್ಕು ಸೀಟು ಸಿಕ್ಕವು. ಅವನ್ನು ಸ್ವಲ್ಪ ಹೊತ್ತು ಮಾತ್ರ ಹಿಡಿದಿಡುತ್ತೇವೆಂದು ಬರೆದಿತ್ತು. ಪ್ರತಿ ಟಿಕೆಟ್‌ನಲ್ಲೂ ಪಾಸ್‌ಪೋರ್ಟ್‌ನಲ್ಲಿರುವ ಹೆಸರೇ ಇರಬೇಕು, ಕೊಂಡ ಮೇಲೆ ಬದಲಿಸಲಾಗದು, ರೈಲಿನಲ್ಲಿ ತಾಳೆ ನೋಡುತ್ತಾರೆ ಎಂದೂ ಇತ್ತು.

ಮೂವರ ಹೆಸರು ಸಲೀಸಾಗಿ ತುಂಬಿದೆ. ಅವ್ವನದರಲ್ಲಿ ಅಡ್ಡಹೆಸರಿನ ಜಾಗ ಖಾಲಿ ಬಿಟ್ಟು ಮುಂದೆ ಹೋದರೆ ಅದು ಕೆಂಪಾಯಿತು. ಮತ್ತೆ ಒತ್ತಿದೆ. ಮತ್ತೆ ಕೆಂಪು. ಅವ್ವನ ಪಾಸ್‌ಪೋರ್ಟ್‌ನಲ್ಲಿ ಇದ್ದುದು ಅವಳ ಹೆಸರೊಂದೇ.

"ಅದಕ್ಕೇನಂತೆ," ಅತ್ತೆ ಕನ್ನಡಕ ಸರಿಪಡಿಸಿಕೊಳ್ಳುತ್ತ ಅವ್ವನಿಗೆ ಹೇಳಿದರು, "ನಿಮ್ಮ ಯಜಮಾನರ ಅಡ್ಡಹೆಸರು ಹಾಕಿದ್ರಾಯ್ತು."

"ಬ್ಯಾಡ್ರಿ," ಎಂದಳು ಅವ್ವ. "ಪಾಸ್‌ಪೋರ್ಟ್‌ನ್ಯಾಗ ಎಷ್ಟೈತಿ ಅಷ್ಟ ಹಾಕಲಿ."

"ಗಂಡನ ಹೆಸರು ಹಾಕ್ಕೊಳ್ಳೋಕೆ ಏನು ಬೇಜಾರು?"

ನನ್ನ ಅಪ್ಪ ತೀರಿಕೊಳ್ಳುವ ಮುಂಚೆ ಎಷ್ಟೋ ವರ್ಷ ಅವರೂ ಅವ್ವನೂ ಬೇರೆ ಬೇರೆ ಊರಿನಲ್ಲಿದ್ದರು. ನಮ್ಮ ಮನೆಯಲ್ಲಿ ಯಾರೂ ಆ ಮಾತು ಎತ್ತುತ್ತಿರಲಿಲ್ಲ. ಅತ್ತೆಗೆ ಅದು ಗೊತ್ತಿಲ್ಲದ ಸಂಗತಿಯೇನಲ್ಲ. ಮಾವ ಕಿಟಕಿಯ ಕಡೆ ತಿರುಗಿದರು.

ಅವ್ವ ಎದ್ದು ನಿಂತಳು. "ನನ್ನ ಟಿಕೆಟ್ ತಗೀಬ್ಯಾಡವಾ. ಅವರು ಮೂರು ಮಂದಿ ಹೋಗಿ ಬರ್ಲಿ." ಹಾಗೆಂದವಳು ಅಡುಗೆಮನೆಗೆ ಹೋಗಿಬಿಟ್ಟಳು.

ಮಗಳು ನನ್ನ ಹೆಗಲ ಮೇಲಿಂದ ಬಗ್ಗಿ ಪರದೆಯನ್ನೇ ನೋಡುತ್ತಿದ್ದಳು. "ಅಮ್ಮಾ, ಟೈಮ್ ಈಸ್ ರನ್ನಿಂಗ್ ಔಟ್ ಲಾ!" ಎಂದಳು ಇಲ್ಲಿನವರ ಧಾಟಿಯಲ್ಲಿ.

"ಹೆಸರನ್ನೇ ಎರಡೂ ಕಡೆ ಹಾಕು," ಎಂದರು ಪಕ್ಕದಲ್ಲೇ ನಿಂತಿದ್ದ ನನ್ನ ಗಂಡ. "ನಮ್ಮ ಆಫೀಸಲ್ಲಿ ತಮಿಳರು ಎಷ್ಟೋ ಜನಕ್ಕೆ ಸರ್‌ನೇಮ್ ಇಲ್ಲ. ಹಿಂಗೇ ಮಾಡ್ತಾರೆ."

"ತಪ್ಪಾದ್ರೆ?"

"ತಪ್ಪಾದ್ರೆ ನಾನಿರ್ತೀನಲ್ಲ ಅಲ್ಲಿ."

ಅವ್ವನನ್ನು ಕೇಳುತ್ತ ಕೂರಲು ಹೊತ್ತಿರಲಿಲ್ಲ. ಅವಳ ಹೆಸರನ್ನು ಎರಡು ಸಲ ಟೈಪ್ ಮಾಡಿ ಹಣ ಕಟ್ಟಿದೆ. ಟಿಕೆಟ್ ಬಂದಾಗ ಫೋನ್ ಹಿಡಿದು ಅಡುಗೆಮನೆಗೆ ಹೋದೆ. ಸಿಂಕಿನಲ್ಲಿ ನಲ್ಲಿ ಬಿಟ್ಟುಕೊಂಡು ನಿಂತಿದ್ದಳು, ತೊಳೆಯಲು ಒಂದು ಲೋಟವೂ ಇರಲಿಲ್ಲ. ತನ್ನ ಹೆಸರನ್ನು ಬೆರಳಿಟ್ಟು ಓದಿದಳು.

"ರೈಲಿನ್ಯಾಗ ಇಳಿ ಅಂದ್ರ ಏನ್ ಮಾಡ್ಲಿ?"

"ಹಂಗ ಅನ್ನೂದಿಲ್ಲವ್ವಾ."

ಅನ್ನುವುದಿಲ್ಲವೆಂದು ನನಗೇನು ಗೊತ್ತಿತ್ತು? ರೈಲಿನವರಿಗೆ ಇಮೇಲ್ ಬರೆದೆ. ಪಾಸ್‌ಪೋರ್ಟ್‌ಗೆ ತಾಳೆಯಾಗುವಂತಿರಬೇಕು ಎಂಬ ಹಳೆಯ ವಾಕ್ಯವನ್ನೇ ತಿರುಗಿ ಕಳಿಸಿದರು. ಹೊರಡುವ ದಿನದವರೆಗೂ ಅತ್ತೆ ಮತ್ತು ಅವ್ವ ಮನೆಯಲ್ಲಿ ಬೇಕಾದಷ್ಟೇ ಮಾತಾಡಿಕೊಂಡರು. ಉಪ್ಪು ಕೊಡಿ, ಬಾಗಿಲು ಹಾಕಿ, ಅಷ್ಟೇ. ಅವ್ವನನ್ನು ಕಳಿಸುವುದೇ ಬೇಡವೇನೋ ಎಂದು ಒಂದೆರಡು ಸಲ ಬಾಯಿಗೆ ಬಂದದ್ದನ್ನು ನುಂಗಿಕೊಂಡೆ.

ಅವರು ಮಿಲಾನ್ ರೈಲು ಹತ್ತಿದ ದಿನ ನಾನು ಪೆಟಾಲಿಂಗ್ ಜಯಾದ ಆಫೀಸಿನಲ್ಲಿದ್ದೆ. ಅಲ್ಲಿ ಇನ್ನೂ ಬೆಳಗು, ಇಲ್ಲಿ ಸಂಜೆಯಾಗುತ್ತ ಬಂದಿತ್ತು. ಮೀಟಿಂಗ್ ನಡೆದಿರುವಾಗ ಗಂಡನ ಮೆಸೇಜ್ ಬಂತು: "ಟಿ.ಟಿ. ಬಂದಿದ್ದಾನೆ. ನಿನ್ನ ಅವ್ವನ ಟಿಕೆಟ್ ಬಗ್ಗೆ ಏನೋ ಕೇಳ್ತಿದ್ದಾನೆ. ಕಾಲ್ ಮಾಡು."

ಹೊರಗೆ ಓಡಿಬಂದು ಮಾಡಿದೆ. ಸಂಪರ್ಕ ಸಿಗಲಿಲ್ಲ. ಮತ್ತೆ ಮಾಡಿದೆ. ಬೆಟ್ಟದೊಳಗಿನ ಸುರಂಗಗಳ ದಾರಿಯೆಂದು ಗೊತ್ತಿತ್ತು. ಆದರೂ ನನ್ನ ಕಣ್ಣಿಗೆ ಕಾಣುತ್ತಿದ್ದುದು ಯಾವುದೋ ಸಣ್ಣ ಸ್ಟೇಷನ್ನಿನಲ್ಲಿ ಸ್ವೆಟರ್ ಹಾಕಿಕೊಂಡು ಬ್ಯಾಗಿನ ಪಕ್ಕ ನಿಂತ ಅವ್ವ. ಇಳಿಸಿದರೆ ಇವರೂ ಜೊತೆಗೆ ಇಳಿಯುತ್ತಾರೆ, ಬಿಟ್ಟು ಹೋಗುವವರಲ್ಲ. ಆದರೆ ಅವಳು? "ನೀವು ಹೋಗ್ರಿ, ನಾ ಇರ್ತೀನಿ" ಅನ್ನುವವಳು ಅವಳು. ಸಹೋದ್ಯೋಗಿಯೊಬ್ಬಳು ಬಾಗಿಲಿನಿಂದ ಇಣುಕಿ ಒಳಗೆ ಬರುವಂತೆ ಸನ್ನೆ ಮಾಡಿದಳು. ಕೈ ಬೀಸಿ ಕಳಿಸಿದೆ. ಮೆಟ್ಟಿಲ ಮೇಲೆ ಕುಳಿತು ಮತ್ತೆ ಮತ್ತೆ ಒತ್ತಿದೆ.

ಕೊನೆಗೆ ಫೋನ್ ರಿಂಗಾಯಿತು. ಗಂಡನ ನಂಬರು, ಆದರೆ ದನಿ ಅತ್ತೆಯದು.

"ಗಾಬರಿ ಆಗ್ಬೇಡ ಕಣೆ, ಎಲ್ಲ ಸರಿಹೋಯ್ತು."

"ಏನಂದ ಅತ್ತೆ ಅವನು?"

"ಹೆಸರು ಯಾಕೆ ಎರಡು ಸಲ ಇದೆ, ಇವರ ಮನೆ ಹೆಸರೇನು, ಗಂಡನ ಹೆಸರೇನು ಅಂತ. ನಿನ್ನ ಗಂಡ ಇಂಗ್ಲಿಷಲ್ಲಿ ಉದ್ದಕ್ಕೆ ಶುರು ಮಾಡ್ದ, ಅವನಿಗೆ ಅರ್ಥ ಆದ್ರೆ ತಾನೆ? ನಾನೇ ಪಾಸ್‌ಪೋರ್ಟ್ ತೆಗೆದು ಮುಂದೆ ಹಿಡಿದೆ. ಓನ್ಲಿ ಹರ್ ನೇಮ್, ನೋ ಹಸ್ಬೆಂಡ್ ನೇಮ್, ಫಿನಿಶ್ ಅಂದೆ. ನೋಡ್ದ, ಮಷೀನಲ್ಲಿ ಬೀಪ್ ಅನ್ನಿಸ್ದ, ಮುಂದೆ ಹೋದ."

ಅಷ್ಟರಲ್ಲಿ ಅವ್ವ ಫೋನ್ ತೆಗೆದುಕೊಂಡಳು.

"ಅವ್ವಾ, ಅಂಜಿದ್ಯಾ?"

"ನಾ ಯಾಕ ಅಂಜ್ಲಿ? ನಾನ ಹೇಳಾಕಿದ್ದೆ, ಇವರು ಬಿಡ್ಲಿಲ್ಲ." ದನಿಯಲ್ಲಿ ಸಿಟ್ಟೂ ಇತ್ತು, ಇನ್ನೂ ಆರದ ನಡುಕವೂ ಇತ್ತು. "ನಿನ್ನ ಅತ್ತೀದು ಬಾಯಿ ಜೋರೈತಿ, ಬಿಡು."

ಪಕ್ಕದಲ್ಲಿ ಅತ್ತೆ ಏನೋ ಅಂದದ್ದು, ಮಾವ ನಕ್ಕದ್ದು ಕೇಳಿಸಿತು. ಮತ್ತೊಂದು ಸುರಂಗ ಬಂದು ಮಾತು ಕಡಿಯಿತು.

ಪ್ರವಾಸ ಮುಗಿಸಿ ಬಂದ ಮೇಲೆ ಅವರಿಬ್ಬರೂ ಗೆಳತಿಯರಾದರೆಂದೇನಲ್ಲ. ಸಾರಿಗೆ ಬೆಲ್ಲ ಹಾಕುವ ವಿಷಯಕ್ಕೆ ಮಾರನೆಯ ದಿನವೇ ಮಾತು ಬೆಳೆಯಿತು. ಆದರೆ ಅಪ್ಪನ ವಿಷಯವಾಗಿ ಅತ್ತೆ ಅವ್ವನನ್ನು ಮತ್ತೆಂದೂ ಏನೂ ಕೇಳಲಿಲ್ಲ.