ಕುಡುಗೋಲಿಗೆ ಹತ್ತಿದ ಕೆಂಪು

ಪುಟ್ಟೀ, ಚಿನ್ನೂ, ಅಜ್ಜಿಗೆ ಮಾತೇ ಬರುವುದಿಲ್ಲ ಎಂದು ನಗುತ್ತೀರಲ್ಲ, ನಾನು ನಮ್ಮ ಮಾವನ ಎದುರು ಮೊದಲ ಸಲ ಬಾಯಿ ತೆರೆದ ದಿನದ ಸಂಗತಿ ಬರೆಯುತ್ತೇನೆ.

ಅರಕಲಗೂಡು ಸೀಮೆಗೆ ಸೊಸೆಯಾಗಿ ಬಂದು ಮೂರನೆಯ ಮುಂಗಾರು. ಆಗ ಸೊಸೆಯರು ಮಾವನ ಜೊತೆ ನೇರವಾಗಿ ಮಾತಾಡುತ್ತಿರಲಿಲ್ಲ. ಏನಿದ್ದರೂ ಅತ್ತೆಯ ಮೂಲಕವೇ. ಹೊಲದಲ್ಲಿ ಆಲೂಗೆಡ್ಡೆ ಇತ್ತು. ಆ ವರ್ಷ ನಮಗೆ ಬೇರೆ ಬೆಳೆಯಿರಲಿಲ್ಲ. ಮೋಡ ಕವಿದು ಜಿಟಿಜಿಟಿ ಮಳೆ ಹಿಡಿದರೆ ಎಲೆ ಕಪ್ಪಾಗಿ ಕೊಳೆಯುವ ರೋಗ ಬರುತ್ತಿತ್ತು. ಅದಕ್ಕೆ ಮೈಲುತುತ್ತದ, ಅಂದರೆ ತಾಮ್ರದ ನೀಲಿ ಹರಳಿನ, ನೀರಿಗೆ ಸುಣ್ಣ ಬೆರೆಸಿ ಹೊಡೆಯಬೇಕು. ಸುಣ್ಣ ಕಡಿಮೆಯಾದರೆ ಔಷಧಿಯೇ ಎಲೆಯನ್ನು ಸುಟ್ಟುಬಿಡುತ್ತದೆ. ಕುಡುಗೋಲು ಅದ್ದಿ ನೋಡಿ, ಕೆಂಪಾದರೆ ಇನ್ನಷ್ಟು ಸುಣ್ಣ ಹಾಕಿ ಎಂದು ಗ್ರಾಮಸೇವಕರು ಮೊದಲ ವರ್ಷ ಹೇಳಿಕೊಟ್ಟಿದ್ದರು. ಅಳತೆ ಕೈಗೆ ಕೂತ ಮೇಲೆ ಮಾವ ಅದ್ದುವುದನ್ನು ಬಿಟ್ಟಿದ್ದರು. ಎರಡನ್ನೂ ಸೇರಿನಲ್ಲಿ ಅಳೆದು ಸುರಿಯುತ್ತಿದ್ದರು.

ಮೈಲುತುತ್ತ ಹಡಗಿನಲ್ಲಿ ಬೊಂಬಾಯಿಗೆ ಬಂದು, ಅಲ್ಲಿಂದ ಹಾಸನದ ಅಂಗಡಿಗೆ ಬರುತ್ತಿತ್ತು. ಎಂದಿನ ಹಡಗು ತಡವಾಗಿ, ಆ ಸಲ ಸಿಕ್ಕಿದ್ದು ಬೇರೆ ದೇಶದ ಸರಕಂತೆ. ಹಿಂದಿನದು ಕಲ್ಲುಸಕ್ಕರೆಯಂಥ ದಪ್ಪ ಹರಳು. ಇದು ರವೆಯಂತೆ ಸಣ್ಣ. ಸೇರಿನಲ್ಲಿ ಸಂದಿಲ್ಲದೆ ತುಂಬಿಕೊಂಡು, ಅದೇ ಸೇರಿಗೆ ಹೆಚ್ಚು ತುತ್ತ ಹಿಡಿಯಿತು; ಸುಣ್ಣ ಮಾತ್ರ ಹಳೆಯ ಅಳತೆಯೇ. ನೀರು ಹೊತ್ತು ತಂದ ನಾನು ಅದನ್ನು ನೋಡಿದೆ. ಮನಸ್ಸು ತಡೆಯದೆ ಔಷಧಿ ಬೆರೆಸಿದ ಬಾನಿಯೊಳಗೆ ಕುಡುಗೋಲು ಅದ್ದಿದೆ. ಸ್ವಲ್ಪ ಹೊತ್ತು ಬಿಟ್ಟು ತೆಗೆದರೆ ಅಲಗು ತಾಮ್ರದ ಚೊಂಬಿನ ಬಣ್ಣಕ್ಕೆ ತಿರುಗಿತ್ತು. ಅಷ್ಟರಲ್ಲಿ ನಿಮ್ಮ ತಾತ ಪಂಪು ತುಂಬಿಸಿ ಬೆನ್ನಿಗೇರಿಸಿಕೊಂಡು ಗಿಡಗಳತ್ತ ಹೊರಟಿದ್ದರು.

ಅತ್ತೆಗೆ ಮೆಲ್ಲಗೆ ಹೇಳಿದೆ. ಅವರು ಸುಣ್ಣದ ಕೈ ಒರೆಸಿಕೊಳ್ಳುತ್ತಾ, "ನಂಗ್ಯಾಕೇಳ್ತೀಯೇ? ಅಲ್ಲೇ ನಿಂತವ್ರೆ, ಅವ್ರಿಗೇ ಏಳು" ಅಂದರು.

ನೆಲ ನೋಡುತ್ತಾ ಹೇಳಿದೆ: "ಮಾವ, ಕುಡ್ಲು ಕೆಂಪಾಗೈತೆ. ಸುಣ್ಣ ಸಾಲ್ದು."

ಮಾವ ಕುಡುಗೋಲನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು. ಆಮೇಲೆ ಮಗನ ಕಡೆಗೆ, "ನಿಲ್ಲಲಾ, ಒಡೀಬ್ಯಾಡ" ಎಂದು ಕೂಗಿದರು. ಪಂಪಿನಲ್ಲಿದ್ದುದು ಮತ್ತೆ ಬಾನಿಗೆ ಬಂತು. ಅಲಗು ಕೆಂಪಾಗುವುದು ನಿಲ್ಲುವವರೆಗೆ ಸುಣ್ಣ ಹಾಕಿದರು. ನನ್ನತ್ತ ನೋಡದೆ ಅತ್ತೆಗೆ, "ಈ ಉಡುಗಿ ಮೂಗಿ ಅಂದ್ಕಂಡಿದ್ದೆ ಕಣೇ" ಅಂದರು.

ಆ ವರ್ಷ ಗೆಡ್ಡೆ ಬಲಿಯುವವರೆಗೂ ಎಲೆ ಹಸಿರಾಗಿಯೇ ಇತ್ತು. ಮುಂದೆ ಪ್ರತಿ ಸಲವೂ ಮಾವ ಔಷಧಿ ಬೆರೆಸಿ, ಕುಡುಗೋಲನ್ನು ಸುಮ್ಮನೆ ನನ್ನ ಕಡೆಗೆ ಚಾಚುತ್ತಿದ್ದರು. ನಾನು "ಸಾಕು" ಅನ್ನುತ್ತಿದ್ದೆ, ಇಲ್ಲವೇ "ಇನ್ನೊಂದೀಟು." ಅವರು ಇರುವತನಕ ನಮ್ಮಿಬ್ಬರ ಮಾತು ಹೆಚ್ಚುಕಡಿಮೆ ಅಷ್ಟೇ.

ನಿಮ್ಮೆದುರು ಕೂತು ಇಷ್ಟೆಲ್ಲ ಹೇಳಲು ನನಗೆ ಈಗಲೂ ಆಗುವುದಿಲ್ಲ, ಅದಕ್ಕೇ ಬರೆದೆ. ಈ ಹಾಳೆಗಳನ್ನು ನನ್ನ ಸೀರೆ ಪೆಟ್ಟಿಗೆಯಲ್ಲಿ, ತೇವ ತಾಗದಂತೆ ಜೋಪಾನವಾಗಿ ಇಟ್ಟುಕೊಳ್ಳಿ.