ಎರಡು ಸಲ ಮುಳುಗಿದ ಸೂರ್ಯ

ನಮ್ಮ ಪಕ್ಕದ ಮನೆಯಾಕೆಯನ್ನು ನಾನು ವೈನಿ, ಅಂದರೆ ಅತ್ತಿಗೆ, ಎಂದು ಕರೆಯುತ್ತೇನೆ. ಅರವತ್ತು ದಾಟಿದವರು. ಅಷ್ಟು ವರ್ಷದಲ್ಲಿ ಒಮ್ಮೆಯೂ ಸೂರ್ಯ ಮುಳುಗುವುದನ್ನು ನೋಡಿರಲಿಲ್ಲ. ಅವರು ಹಾಗೆ ಹೇಳಿದಾಗ ನಾನು ನಂಬಲಿಲ್ಲ.

"ಖರೇನ ಅಕ್ಕಾರ. ಯಾವಾಗ ನೋಡಲಿ? ಆ ಹೊತ್ತಿನ್ಯಾಗ ನನ್ನ ಕಣ್ಣ ತವಿ ಮ್ಯಾಲ ಇರ್ತಾವು."

ಯೋಚಿಸಿದರೆ ಸರಿಯಾಗಿಯೇ ಇತ್ತು. ಅವರದು ಜೈನರ ಮನೆ. ಹೊತ್ತು ಮುಳುಗಿದ ಮೇಲೆ ಯಾರೂ ಉಣ್ಣುವುದಿಲ್ಲ, ವೈನಿಯಂತೂ ನೀರನ್ನೂ ಮುಟ್ಟುವುದಿಲ್ಲ. ಸಂಜೆ ಅಂಗಡಿಯಿಂದ ಬಂದ ಗಂಡಸರಿಗೆ, ಆಮೇಲೆ ಮಕ್ಕಳಿಗೆ, ಸೊಸೆಗೆ ಬಡಿಸಿ ಕೊನೆಗೆ ತಾವು ಕೂರುತ್ತಾರೆ. ಉಂಡು, ಪಾತ್ರೆ ತೊಳೆದು ತಲೆ ಎತ್ತುವಷ್ಟರಲ್ಲಿ ಹೊರಗೆ ಕತ್ತಲು. ಸೂರ್ಯನ ಲೆಕ್ಕಕ್ಕೆ ಅವರು ಗಡಿಯಾರ ನೋಡುವುದೂ ಇಲ್ಲ. ಹಿತ್ತಲ ಗೋಡೆಯ ಮೇಲಿನ ಬಿಸಿಲು ಹೋಯಿತೆಂದರೆ ದಿನ ಮುಗಿಯಿತು. ಇದು ಅವರ ಅತ್ತೆ ಹಾಕಿಕೊಟ್ಟ ರೂಢಿ. ಅತ್ತೆ ಹೋಗಿ ಬಹಳ ಕಾಲವಾಯಿತು, ರೂಢಿ ಹೋಗಿಲ್ಲ.

ಮುಂದಿನ ವಾರ ಅವರ ಮೊಣಕಾಲಿನ ಆಪರೇಷನ್ ಇತ್ತು. ಆಮೇಲೆ ಉಸುಕಿನಲ್ಲಿ ನಡೆಯುವ ಮಾತನ್ನು ಸದ್ಯಕ್ಕೆ ಆಡಬೇಡಿ ಎಂದು ಡಾಕ್ಟರು ಹೇಳಿದ್ದರು. ಅದಕ್ಕೆ ಮೊದಲು ಒಂದು ಸಂಜೆ ಸಮುದ್ರದೊಳಗೆ ಸೂರ್ಯ ಇಳಿಯುವುದನ್ನು ಸುಮ್ಮನೆ ಕುಳಿತು ನೋಡಬೇಕು ಎಂಬುದು ಅವರ ಆಸೆ. ಜೊತೆಗೆ ನಾನು ಹೊರಟೆ.

ನಾನು ಮಠದ ವಸತಿ ನಿಲಯದಲ್ಲಿ ಗಂಟೆಯ ಸದ್ದಿಗೆ ಎದ್ದು, ಲಿಂಗಪೂಜೆ ಮುಗಿಸದೆ ತುತ್ತು ಮುಟ್ಟದೆ ಬೆಳೆದವಳು. ಆಮೇಲೆ ನಿವೃತ್ತಿಯವರೆಗೂ ಆಸ್ಪತ್ರೆಯ ವಾರ್ಡು ನೋಡಿಕೊಂಡೆ. ಆದ್ದರಿಂದ ಪ್ರವಾಸದ ವೇಳಾಪಟ್ಟಿಯನ್ನು ನಾನೇ ಮಾಡಿದೆ. ಬೆಳಗಿನ ತಿಂಡಿ ಮುಗಿಸಿ ಬೆಳಗಾವಿಯ ಶಿವಬಸವ ನಗರ ಬಿಡುವುದು, ಚೋರ್ಲಾ ಘಾಟಿನ ಮೇಲೆ ಗೋವಾಕ್ಕೆ ಇಳಿಯುವುದು, ಮಧ್ಯಾಹ್ನ ಲಾಡ್ಜು ಸೇರುವುದು. ವೈನಿ ಅಲ್ಲಿಯೇ ಬೇಗ ಸಂಜೆ ಊಟ ಮುಗಿಸಿದರೆ ಬರಿಗೈಯಲ್ಲಿ ದಂಡೆಗೆ ಹೋಗಬಹುದು. ಮರುದಿನ ಬೆಳಿಗ್ಗೆ ವಾಪಸು. ಒಂದೇ ಸಂಜೆ, ಅದಕ್ಕೆ ಪೂರಾ ಜಾಗ ಬಿಟ್ಟಿದ್ದೆ.

ಕಾರು ಖಾನಾಪುರದ ಹುಡುಗನದು, ಓಡಿಸುವವನೂ ಅವನೇ. ಹುಡುಗ ಎಂದರೆ ಎರಡು ಮಕ್ಕಳ ತಂದೆ. ಮನೆಯಲ್ಲಿ ಮರಾಠಿ, ನಮ್ಮೊಂದಿಗೆ ಕನ್ನಡ, ಎದುರು ಬರುವ ಗಾಡಿಗಳೊಂದಿಗೆ ಎರಡೂ.

ಕಣಕುಂಬಿಯವರೆಗೆ ನನ್ನ ವೇಳೆ ತಪ್ಪಲಿಲ್ಲ. ಅಲ್ಲಿ ಮಲಪ್ರಭೆ ಹುಟ್ಟುವ ಜಾಗ ನೋಡಲು ಇಳಿದೆವು. ವೈನಿಯ ತವರು ಪಾರಿಶ್ವಾಡ. ಮಲಪ್ರಭೆ ಎಂದರೆ ಅವರಿಗೆ ತವರಿನ ಹೊಳೆ. ಕಲ್ಲಿನ ಕಟ್ಟೆಯೊಳಗೆ ನಿಂತ ನೀರನ್ನು ಬಗ್ಗಿ ನೋಡಿ, "ಇಷ್ಟ?" ಎಂದರು. ಆಮೇಲೆ ಪ್ರಶ್ನೆಗಳು ಶುರುವಾದವು. ಸಮುದ್ರ ಯಾವ ಕಡೆ? ಪಶ್ಚಿಮಕ್ಕೆ, ಗುಡ್ಡದ ಆಚೆ. ಮಹದಾಯಿ ಎಲ್ಲಿ? ಅದೂ ಈ ಕಾಡಿನ ಸುತ್ತಲೇ ಹುಟ್ಟಿ ಗೋವಾಕ್ಕೆ ಇಳಿಯುತ್ತದೆ. ಹಾಗಾದರೆ ಇದು?

"ಇದು ಪೂರ್ವಕ್ಕ ಹೋಗತೈತಿ ಮಾವಶಿ. ನಿಮ್ಮ ಪಾರಿಶ್ವಾಡದ ಕಡೆ," ಎಂದ ಡ್ರೈವರ್.

"ಸಮುದ್ರ ಇಷ್ಟ ಬಾಜೂಕ ಇಟಗೊಂಡು ಇದಕ್ಕ ಬೆನ್ನ ಮಾಡಿ ಯಾಕ ಹೊಂಟೈತಿ?"

"ಯಾರ್ಗೆ ಗೊತ್ರೀ. ಗೋವಾ ತುಟ್ಟಿ ಆಗೈತೆಂತ ಇರಬೇಕು."

ವೈನಿ ನಗಲಿಲ್ಲ. ಮಳೆಯ ಒಂದು ಹನಿ ಗುಡ್ಡದ ಆಚೆ ಬಿದ್ದರೆ ಒಂದು ಸಮುದ್ರ, ಈಚೆ ಬಿದ್ದರೆ ಇನ್ನೊಂದು ಸಮುದ್ರವೇ ಎಂದು ನನ್ನನ್ನು ಕೇಳಿದರು. ಹೌದು ಎಂದೆ. ಆ ಎರಡು ಹನಿಗಳ ನಡುವೆ ಎಷ್ಟು ಅಂತರ ಇದ್ದೀತು ಎಂದರು. ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದ ಮೇಲೆ ನನಗೂ ಆ ದಿಬ್ಬವನ್ನು ನೋಡಬೇಕೆನಿಸಿತು. ಯಾರನ್ನೋ ಕೇಳಿ, ಹಳ್ಳಿಯ ಹಿಂದಿನ ದಾರಿಯಲ್ಲಿ ಹೋಗಿ, ಇದೇ ಇರಬೇಕು ಎಂದು ಒಂದು ಏರಿನ ಮೇಲೆ ನಿಂತೆವು. ಎರಡೂ ಕಡೆ ಒಂದೇ ತರಹದ ಹುಲ್ಲು. ವೈನಿ ಬಾಟಲಿಯ ನೀರನ್ನು ಅತ್ತ ಸ್ವಲ್ಪ, ಇತ್ತ ಸ್ವಲ್ಪ ಸುರಿದು ನೋಡಿದರು. ಎರಡನ್ನೂ ಮಣ್ಣು ಅಲ್ಲೇ ಕುಡಿಯಿತು.

ಮಧ್ಯಾಹ್ನದ ಬುತ್ತಿಯನ್ನು ಅಲ್ಲಿಯೇ ಬಿಚ್ಚಿದೆವು. ತಡವಾಗಿದ್ದು ನಿಜ. ಆದರೂ ಸಮುದ್ರಕ್ಕೆ ಸಾಕಷ್ಟು ಹೊತ್ತಿತ್ತು. ಘಾಟಿನ ತಿರುವಿನಲ್ಲಿ ಒಂದು ಲಾರಿ ಅಡ್ಡ ನಿಂತಿರುತ್ತದೆ ಎಂದು ಯಾರಿಗೆ ಗೊತ್ತು?

ಹಿಂದೆ ಮುಂದೆ ಗಾಡಿಗಳ ಸಾಲು. ಡ್ರೈವರ್ ಇಳಿದು ಹೋಗಿ ಎಲ್ಲರಿಗೂ ಸಲಹೆ ಕೊಟ್ಟು ಬಂದ. ಲಾರಿ ಅಲುಗಲಿಲ್ಲ. ಬಹಳ ಹೊತ್ತಿನ ಮೇಲೆ ಅದನ್ನು ಬದಿಗೆ ಎಳೆದು ಒಂದೊಂದೇ ಗಾಡಿ ಬಿಡತೊಡಗಿದರು. ನಮ್ಮ ಸರದಿ ಬಂದು ಕೆಳಗಿನ ಕಣಿವೆಗೆ ಇಳಿಯುತ್ತಿದ್ದಾಗ ಎದುರಿನ ಗುಡ್ಡದ ಹಿಂದೆ ಸೂರ್ಯ ಹೋದ. ಮರಗಳ ಮೇಲಿದ್ದ ಬಿಸಿಲು ಒಮ್ಮೆಲೇ ಆರಿತು.

"ಗಾಡಿ ನಿಂದರಸೋ ತಮ್ಮಾ," ಎಂದರು ವೈನಿ.

ಸಂಜೆಯ ಡಬ್ಬಿ ಅವರ ತೊಡೆಯ ಮೇಲೆಯೇ ಇತ್ತು. ಚಪಾತಿ, ಹೆಸರುಬೇಳೆ ಪಲ್ಯ. ನಾನು ಮುಚ್ಚಳಕ್ಕೆ ಕೈ ಹಾಕಿದರೆ ಅವರು ತಡೆದರು.

"ಆತಲ್ಲ ಅಕ್ಕಾರ. ಹೊತ್ತ ಹೋತು."

"ಎಲ್ಲಿ ಹೋಗೇತ್ರಿ ವೈನಿ? ಗಡಿಯಾರ ನೋಡ್ರಿ ಇಲ್ಲೆ. ಇನ್ನೂ ಭಾಳ ಹೊತ್ತೈತಿ. ಗುಡ್ಡದ ಹಿಂದ ಹೋಗ್ಯಾನ ಅಷ್ಟ."

"ನಮ್ಮ ಮನ್ಯಾಗೂ ಗ್ವಾಡಿ ಹಿಂದ ಹೋಗತಾನ. ಅದನ್ನ ಹಿಡದ ನಡದೇನಿ ಇಷ್ಟ ವರ್ಷ. ಇವತ್ತ ಹಸಿವಿ ಆಗೈತೆಂತ ಗಡಿಯಾರ ಹಿಡೀಲೇನು?"

ಕೆಳಗಿಳಿದು ಬಾಯಿ ಮುಕ್ಕಳಿಸಿದರು. ಕೈಮುಗಿದು, ಕಣ್ಣುಮುಚ್ಚಿ, ನಾಳೆ ಸೂರ್ಯ ಹುಟ್ಟುವವರೆಗೆ ಅನ್ನ ನೀರು ಬಿಟ್ಟೆ ಎಂಬ ದಿನದ ಸಂಕಲ್ಪವನ್ನು ಹೇಳಿಕೊಂಡರು. ಮತ್ತೆ ಕಾರು ಹತ್ತಿದಾಗ ಅವರ ಮುಖದಲ್ಲಿ ಹಸಿವಿನ ಚಿಂತೆ ಇರಲಿಲ್ಲ. "ನೋಡಾಕ ಆಗಲಿಲ್ಲ ನೋಡ್ರಿ," ಎಂದಷ್ಟೇ ಹೇಳಿ ಕಿಟಕಿಯ ಕಡೆ ತಿರುಗಿದರು. ಕಣಕುಂಬಿಯ ಆ ದಿಬ್ಬಕ್ಕೆ ಯಾಕೆ ಹೋದೆವೋ ಎಂದು ನನಗೆ ಅನಿಸಿತು.

ಗುಡ್ಡಗಳು ಹಿಂದೆ ಸರಿದವು. ಗೇರು ತೋಟ, ಹಂಚಿನ ಮನೆ, ಒಂದು ಸಣ್ಣ ಚರ್ಚು. ಆಮೇಲೆ ಬಯಲು ಬಂತು. ತಿರುವು ದಾಟಿದ್ದೇ ತಡ, ಎದುರಿನ ಗಾಜಿನ ತುಂಬ ಬಿಸಿಲು ಬಡಿಯಿತು. ತೆಂಗಿನ ಮರಗಳ ಮೇಲೆ ಸೂರ್ಯ, ಅದೂ ಸಾಕಷ್ಟು ಮೇಲೆಯೇ.

"ಅರೇ ಬಾಪರೇ! ಮಾವಶಿ, ನಿಮ್ಮ ಸಲುವಾಗಿ ತಿರಿಗಿ ಬಂದಾನ್ರೀ!" ಡ್ರೈವರ್ ಸ್ಟೇರಿಂಗಿನ ಮೇಲೆ ಕೈ ಬಡಿದ. "ನಾ ಈಗ ಹೆಂಗ ಒದರಿಸಿ ಹೊಡೀತೀನಿ ನೋಡ್ರಿ."

"ಹೆಂಗ ಹೊಡೀತಿದ್ದಿ ಹಂಗ ಹೊಡಿ," ಎಂದೆ ನಾನು.

ವೈನಿ ಮುಂದೆ ಬಾಗಿ ಕುಳಿತಿದ್ದರು. ದಂಡೆ ಸೇರುವವರೆಗೆ ಅವರು ಕೇಳಿದ್ದು ಒಂದೇ. "ಹೋಗಬಿಟ್ಟಾನೇನ್ರಿ?" ಪ್ರತಿ ಮನೆ, ಪ್ರತಿ ಮರ ಸೂರ್ಯನನ್ನು ಮುಚ್ಚಿದಾಗಲೂ ಅದೇ ಪ್ರಶ್ನೆ. ನಾವು ಕಾರು ನಿಲ್ಲಿಸಿ, ಅವರ ತೋಳು ಹಿಡಿದು ಉಸುಕಿಗೆ ಇಳಿಸಿದಾಗ ಅವನು ನೀರಿನ ಮೇಲೆ ಇನ್ನೂ ಒಂದು ಬಿದಿರಿನ ಎತ್ತರಕ್ಕಿದ್ದ. ಸಮುದ್ರವನ್ನು ಅವರು ಮೊದಲ ಸಲ ನೋಡುತ್ತಿದ್ದರು. ಆದರೆ ಸಮುದ್ರಕ್ಕೆ ಒಂದೇ ಗಳಿಗೆ ಕೊಟ್ಟು ಮತ್ತೆ ಸೂರ್ಯನ ಕಡೆ ತಿರುಗಿದರು.

ನಾನು ಡಬ್ಬಿ ತಂದೆ. "ಈಗಂತೂ ಅದಾನಲ್ರಿ ಕಣ್ಣ ಮುಂದ. ಎರಡ ತುತ್ತ ಉಣ್ರಿ. ಇಡೀ ರಾತ್ರಿ ಉಪಾಸ ಇರತೀರೇನು?"

ಡ್ರೈವರನೂ ದನಿಗೂಡಿಸಿದ. "ಉಣ್ರಿ ಮಾವಶಿ. ಮೊದಲ್ನೇದ್ದು ಲೆಕ್ಕಕ್ಕಿಲ್ಲ."

ವೈನಿ ಡಬ್ಬಿಯನ್ನು ನೋಡಿದರು. ಹಸಿದಿದ್ದರು, ನನಗೆ ಗೊತ್ತು. ಸ್ವಲ್ಪ ಹೊತ್ತು ನಿಜವಾಗಿಯೂ ಯೋಚಿಸಿದರು. ಆಮೇಲೆ ಡಬ್ಬಿ ತೆಗೆದುಕೊಂಡು ಎರಡು ಚಪಾತಿಯಲ್ಲಿ ಪಲ್ಯ ಸುತ್ತಿ ಒಂದನ್ನು ನನಗೆ, ಒಂದನ್ನು ಅವನಿಗೆ ಕೊಟ್ಟರು. ಕೈ ಒರೆಸಿಕೊಂಡರು.

"ಬಿಟ್ಟಿದ್ದ ಬಿಟ್ಟಂಗ ಇರಲಿ. ಈಗ ಉಣ್ಣಾಕ ಕುಂತ್ರ ನಾ ಮತ್ತ ಕೆಳಗ ನೋಡಬೇಕಾಗತೈತಿ."

ಉಸುಕಿನಲ್ಲಿ ಕಾಲು ಚಾಚಿ ಕುಳಿತರು. ಅಂಚು ನೀರಿಗೆ ತಾಗಿದಾಗ ಸೂರ್ಯನ ತಳ ಚಪ್ಪಟೆಯಾಯಿತು. "ಅದ್ಯಾಕ ಒತ್ತಿದಂಗ ಆತು?" ಅರ್ಧ ಹೋದ ಮೇಲೆ ಬೇಗಬೇಗ ಇಳಿದಂತೆ ಕಂಡಿತು. "ಮೊದಲ ಇಷ್ಟ ಅವಸರ ಇರಲಿಲ್ಲಲ್ಲ?" ಕೊನೆಗೆ ಕುಂಕುಮದ ಗೀರಿನಷ್ಟು ಉಳಿದು, ಅದೂ ಹೋಯಿತು. ವೈನಿ ಉಸಿರು ಬಿಟ್ಟರು.

ನಾನು ಅಭ್ಯಾಸದಂತೆ ಏಳಲು ನೋಡಿದೆ. ಮುಂದೆ ಲಾಡ್ಜು, ಕೈಕಾಲು ತೊಳೆಯುವುದು, ಪೂಜೆ, ಮಲಗುವುದು. ಅವರು ನನ್ನ ಸೆರಗು ಹಿಡಿದರು.

"ಕುಂದರ್ರಿ. ಅಂವಾ ಹೋದ ಮ್ಯಾಲ ಬಣ್ಣ ಹೆಚ್ಚಾಗಾಕ ಹತ್ತೇತಿ."

ಹೌದು, ಹೆಚ್ಚಾಗುತ್ತಿತ್ತು. ಮೋಡದ ಅಡಿಗೆ ಮೊದಲು ಇಲ್ಲದ ಕೆಂಪು ಹತ್ತಿ, ಅದು ನಮ್ಮ ತಲೆಯ ಮೇಲಿನವರೆಗೆ ಬಂತು. ಹೊತ್ತು ಮುಳುಗಿದ ಮೇಲೂ ಇಷ್ಟು ಬೆಳಕು ಇರುತ್ತದೆಯೆಂದು, ಒಂದು ಬಟ್ಟೆಗೆ ಗುಂಡಿ ಹಚ್ಚುವಷ್ಟು ಬೆಳಕು ಇರುತ್ತದೆಯೆಂದು ವೈನಿಗೆ ಆಶ್ಚರ್ಯವೋ ಆಶ್ಚರ್ಯ. ಆ ಬೆಳಕು ಎಲ್ಲಿಂದ ಬರುತ್ತದೆ, ಬೆಳಗಾವಿಯಲ್ಲಿಯೂ ಹೀಗೇ ಇರುತ್ತದೆಯೇ, ನಮ್ಮ ಮನೆಯ ತಾರಸಿಯಿಂದ ಕಂಡೀತೇ ಎಂದು ಕೇಳುತ್ತ ಹೋದರು. ಗೊತ್ತಿದ್ದುದನ್ನು ಹೇಳಿದೆ. ಗೊತ್ತಿಲ್ಲದ್ದು ಹೆಚ್ಚು ಇತ್ತು. ನೀರು, ಆಕಾಶ ಎರಡೂ ಒಂದೇ ಕಪ್ಪಾಗಿ, ಎದುರಿನ ದೋಣಿಯಲ್ಲಿ ಯಾರೋ ದೀಪ ಹಚ್ಚಿದ ಮೇಲೆ ವೈನಿ ಕೈ ಚಾಚಿ, "ಎಬ್ಬಸ್ರಿ ಇನ್ನ," ಎಂದರು.